ಚೀನಾದಲ್ಲಿ ‘ಸುಮ್ಮನೆ ಮಾತಾಡಿದರೆ ಸಾಕು’ ಎಂಬ ಕೆಲಸ

ಸಂಪಾದಕರಿಗೆ,

ಮಾನ್ಯರೇ,

ಚೀನಾದಲ್ಲಿ ಇಂಗ್ಲಿಷ್ ಕಲಿಸುವ ವಿದೇಶಿ ಅಧ್ಯಾಪಕರ ಕುರಿತು ತಮ್ಮ ಪತ್ರಿಕೆಯ ಉದ್ಯೋಗ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಬಾಡಿಗೆಯಿಲ್ಲದ ಮನೆ, ವರ್ಷಕ್ಕೊಮ್ಮೆ ವಿಮಾನದ ಖರ್ಚು, ವಾರಕ್ಕೆ ಹದಿನಾರು ಪಾಠದ ಅವಧಿ, ಬೇಸಗೆಗೂ ಚಳಿಗಾಲಕ್ಕೂ ದೀರ್ಘ ರಜೆ ಎಂದು ಲೇಖಕರು ಹೇಳಿರುವ ಸೌಲಭ್ಯಗಳಲ್ಲಿ ಸುಳ್ಳೇನೂ ಇಲ್ಲ. ಇವೆಲ್ಲವನ್ನೂ ನಾನೇ ಅನುಭವಿಸಿದ್ದೇನೆ. ನನ್ನ ತಕರಾರು ಒಂದೇ ವಾಕ್ಯದ ಮೇಲೆ. ‘ಇಂಗ್ಲಿಷ್ ಬಂದರೆ ಆಯಿತು, ತರಗತಿಯಲ್ಲಿ ಸುಮ್ಮನೆ ಮಾತಾಡಿದರೆ ಸಾಕು’ ಎಂದು ಅವರು ಬರೆದಿದ್ದಾರೆ. 2015ರ ಸೆಪ್ಟೆಂಬರ್‌ನಲ್ಲಿ ಹುನಾನ್ ಪ್ರಾಂತ್ಯದ ರಾಜಧಾನಿ ಚಾಂಗ್‌ಷಾದ ಒಂದು ವಿಶ್ವವಿದ್ಯಾಲಯಕ್ಕೆ ನಾನು ಕೆಲಸಕ್ಕೆ ಸೇರಿದ ದಿನ, ಅಲ್ಲಿನ ವಿದೇಶಿ ವ್ಯವಹಾರಗಳ ಕಚೇರಿಯ ಸಿಬ್ಬಂದಿಯೊಬ್ಬರು ಕೈಗೆ ಮನೆಯ ಬೀಗದ ಕೈ ಕೊಡುತ್ತಾ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು. 2021ರ ಜೂನ್‌ವರೆಗೆ, ಸುಮಾರು ಆರು ವರ್ಷ, ಆ ಮಾತು ಎಲ್ಲೆಲ್ಲಿ ಹುಸಿಯಾಯಿತು ಎಂಬುದನ್ನು ನೋಡುತ್ತಾ ಕಳೆದವನಾದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾಗುತ್ತದೆ, ಕ್ಷಮೆಯಿರಲಿ.

ಮೊದಲಿಗೆ, ಮಾತಾಡುವ ತರಗತಿಯವರೆಗೆ ತಲುಪುವ ದಾರಿ. ಚೀನಾದಲ್ಲಿ ಸಂಬಳಕ್ಕೆ ದುಡಿಯುವ ವಿದೇಶಿ ಅಧ್ಯಾಪಕನಿಗೆ ಬೇಕಾದದ್ದು ಝಡ್ ವೀಸಾ, ಮತ್ತು ಅದನ್ನು ದೇಶದ ಹೊರಗಿದ್ದಾಗಲೇ ಪಡೆಯಬೇಕು. ಪ್ರವಾಸಿಗರ ಎಲ್ ವೀಸಾ, ವ್ಯಾಪಾರಿಗಳ ಎಂ ವೀಸಾ, ವಿದ್ಯಾರ್ಥಿಗಳ ಎಕ್ಸ್ ವೀಸಾ ಯಾವುದೂ ಈ ಕೆಲಸಕ್ಕೆ ಸಲ್ಲುವುದಿಲ್ಲ. ಪದವಿ ಪ್ರಮಾಣಪತ್ರ ದೃಢೀಕರಣಗೊಂಡಿರಬೇಕು, ಪೊಲೀಸರಿಂದ ನಡತೆಯ ಪತ್ರ ಬೇಕು, ವೈದ್ಯಕೀಯ ತಪಾಸಣೆ ಆಗಬೇಕು, ಎರಡು ವರ್ಷದ ಅನುಭವ ಅಥವಾ ಅದಕ್ಕೆ ಬದಲಾಗಿ ಬೋಧನೆಯ ಅರ್ಹತಾಪತ್ರ ಇರಬೇಕು. ಬಂದಿಳಿದ ಮೇಲೆ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ವಾಸದ ವಿಳಾಸ ನೋಂದಾಯಿಸಬೇಕು, 30 ದಿನದೊಳಗೆ ನಿವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಆ ಪರವಾನಗಿ ಕೈಸೇರುವವರೆಗೆ ಪಾಸ್‌ಪೋರ್ಟು ಕಚೇರಿಯಲ್ಲೇ ಉಳಿಯುತ್ತದೆ, ನಮ್ಮ ಕೈಯಲ್ಲಿ ಒಂದು ರಸೀದಿ ಮಾತ್ರ. ರೈಲಿನ ಟಿಕೆಟ್ಟಿನಿಂದ ಹಿಡಿದು ಹೋಟೆಲಿನ ಕೋಣೆಯವರೆಗೆ ಎಲ್ಲಕ್ಕೂ ಪಾಸ್‌ಪೋರ್ಟು ಕೇಳುವ ದೇಶದಲ್ಲಿ ಆ ವಾರಗಳನ್ನು ನಾನು ಊರು ಬಿಟ್ಟು ಕದಲದೆ ಕಳೆದೆ. 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಒಂದೇ ಬಗೆಯ ಕೆಲಸದ ಪರವಾನಗಿ ಬಂದು, ವಿದೇಶಿಯರನ್ನು ಎ, ಬಿ, ಸಿ ಎಂಬ ಮೂರು ವರ್ಗಗಳಲ್ಲಿ ವಿಂಗಡಿಸತೊಡಗಿದರು. ಇಂಗ್ಲಿಷ್ ಅಧ್ಯಾಪಕರು ಸಾಮಾನ್ಯವಾಗಿ ಬಿ ವರ್ಗದವರು. ಆ ವರ್ಷ ನನ್ನ ಹಳೆಯ ಕಾಗದಗಳನ್ನೆಲ್ಲ ಮತ್ತೆ ಹೊಸದಾಗಿ ಒಪ್ಪಿಸಬೇಕಾಯಿತು.

ಲೇಖನದಲ್ಲಿ ಬಾರದ ಇನ್ನೊಂದು ಸಂಗತಿಯಿದೆ, ಮತ್ತು ನಮ್ಮ ಓದುಗರಿಗೆ ಅದೇ ಮುಖ್ಯವಾದದ್ದು. ಭಾಷೆ ಕಲಿಸುವ ವಿದೇಶಿಯರು ಆ ಭಾಷೆ ಮಾತೃಭಾಷೆಯಾಗಿರುವ ದೇಶದವರಾಗಿರಬೇಕೆಂಬುದು ಅಲ್ಲಿನ ನಿಯಮದ ಅಪೇಕ್ಷೆ. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಮುಂತಾದ ದೇಶಗಳ ಪಾಸ್‌ಪೋರ್ಟನ್ನೇ ಜಾಹೀರಾತುಗಳು ಎತ್ತಿ ಕೇಳುತ್ತವೆ. ಭಾರತದ ಪಾಸ್‌ಪೋರ್ಟು ಹೊಂದಿದ್ದ ನನ್ನ ಅರ್ಜಿ ದಾಟಿದ್ದು ನನ್ನ ಸ್ನಾತಕೋತ್ತರ ಪದವಿ ಬ್ರಿಟನ್ನಿನ ವಿಶ್ವವಿದ್ಯಾಲಯದ್ದು ಎಂಬ ಕಾರಣದಿಂದ, ಮತ್ತು ನಾನು ಸೇರಿದ ಪ್ರಾಂತ್ಯದ ಕಚೇರಿ ಅದನ್ನು ಒಪ್ಪಿಕೊಂಡದ್ದರಿಂದ. ಅದಕ್ಕೆ ಮೊದಲು ನಾಲ್ಕು ಕಡೆ ನನ್ನ ಪತ್ರವ್ಯವಹಾರ ಚೆನ್ನಾಗಿಯೇ ನಡೆದು, ಭಾವಚಿತ್ರ ಕಳುಹಿಸಿದ ಮರುದಿನ ನಿಂತುಹೋಗಿತ್ತು. ಇದನ್ನು ಕಹಿಯಿಂದ ಹೇಳುತ್ತಿಲ್ಲ. ವಿದೇಶಿ ಅಧ್ಯಾಪಕನನ್ನು ಚೀನಾದಲ್ಲಿ ‘ವಾಯ್‌ಜ್ಯಾವ್’ ಎನ್ನುತ್ತಾರೆ. ಆ ಪದದಲ್ಲಿ ‘ಹೊರಗಿನವನು’ ಎಂಬುದು ಮೊದಲು ಬರುತ್ತದೆ, ‘ಕಲಿಸುವವನು’ ಎಂಬುದು ಆಮೇಲೆ. ಅನೇಕ ಸಂಸ್ಥೆಗಳು ಸಂಬಳ ಕೊಡುವುದೂ ಆ ಕ್ರಮದಲ್ಲೇ. ಮೂರನೆಯ ವರ್ಷ ನಗರದ ಒಂದು ಖಾಸಗಿ ತರಬೇತಿ ಶಾಲೆಯವರು ಶನಿವಾರ, ಭಾನುವಾರ ಬಂದು ಪಾಠ ಹೇಳಿ ಎಂದು ಕರೆದರು. ಒಂದು ಗಂಟೆಗೆ 250 ಯುವಾನ್ ಕೊಡುವುದಾಗಿಯೂ, ತಂದೆತಾಯಂದಿರು ಕೇಳಿದರೆ ಮಾತ್ರ ಕೆನಡಾದಿಂದ ಬಂದವನೆಂದು ಹೇಳಬೇಕೆಂದೂ ತಿಳಿಸಿದರು. ತಿಂಗಳಿಗೆ 7,000 ಯುವಾನ್ ಸಂಬಳದವನಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ನನ್ನ ಪರವಾನಗಿಯಲ್ಲಿ ಬರೆದಿದ್ದ ಸಂಸ್ಥೆಯನ್ನು ಬಿಟ್ಟು ಬೇರೆಡೆ ದುಡಿಯುವುದು ಕಾನೂನಿಗೆ ವಿರುದ್ಧ, ಮತ್ತು ಕೆನಡಾದಲ್ಲಿ ಯಾವ ಊರು ಎಂದು ಯಾರಾದರೂ ಕೇಳಿದ್ದರೆ ಎರಡನೆಯ ಸುಳ್ಳಿಗೆ ನನ್ನಲ್ಲಿ ಸಿದ್ಧತೆಯಿರಲಿಲ್ಲ.

ಇನ್ನು ತರಗತಿ. ನನಗೆ ವಹಿಸಿದ್ದು ‘ಕೌಯ್ಯೂ’, ಅಂದರೆ ಮಾತಿನ ಇಂಗ್ಲಿಷ್. ಎಂಟು ತರಗತಿಗಳು, ಒಂದೊಂದರಲ್ಲೂ ನಲವತ್ತೈದು ವಿದ್ಯಾರ್ಥಿಗಳು, ವಾರಕ್ಕೊಮ್ಮೆ ಎರಡು ಅವಧಿ ಸೇರಿ ತೊಂಬತ್ತು ನಿಮಿಷ, ನಡುವೆ ಹತ್ತು ನಿಮಿಷದ ಬಿಡುವು. ಗಣಿತ ಸರಳವಾಗಿದೆ. ತೊಂಬತ್ತು ನಿಮಿಷವನ್ನು ಸಮನಾಗಿ ಹಂಚಿ ನಾನು ಬಾಯಿ ಮುಚ್ಚಿಕೊಂಡೇ ಇದ್ದರೂ ಒಬ್ಬ ವಿದ್ಯಾರ್ಥಿಗೆ ಎರಡು ನಿಮಿಷ ಸಿಗುತ್ತದೆ. ‘ಸುಮ್ಮನೆ ಮಾತಾಡಿದರೆ ಸಾಕು’ ಎನ್ನುವವರು ಯಾರು ಮಾತಾಡಬೇಕೆಂಬುದನ್ನು ಯೋಚಿಸಿರುವುದಿಲ್ಲ. ಮೊದಲ ದಿನ ನನ್ನ ಪರಿಚಯ ಹೇಳಿಕೊಂಡು, ‘ನಿಮಗೇನಾದರೂ ಕೇಳುವುದಿದೆಯೇ?’ ಎಂದೆ. ನಲವತ್ತೈದು ತಲೆಗಳು ಒಟ್ಟಿಗೆ ಮೇಜಿನತ್ತ ಬಾಗಿದವು. ಕೊನೆಗೆ ತರಗತಿಯ ನಾಯಕಿ, ಅವರ ಮಾತಿನಲ್ಲಿ ‘ಬಾನ್‌ಜಾಂಗ್’, ಇತರರ ಮಾನ ಕಾಯುವಂತೆ ಎದ್ದು ನಿಂತು ನನಗೆ ಚೀನಾದ ಊಟ ಇಷ್ಟವೇ ಎಂದು ಕೇಳಿ ಕುಳಿತಳು. ಆ ವರ್ಷವಿಡೀ ಅವಳು ಹಾಗೆ ಅನೇಕ ಸಲ ಏಳಬೇಕಾಯಿತು.

ಚೀನೀ ವಿದ್ಯಾರ್ಥಿಗಳು ಮಾತಾಡುವುದಿಲ್ಲ, ಅವರಲ್ಲಿ ಕುತೂಹಲವಿಲ್ಲ ಎಂದು ತಮ್ಮ ಲೇಖಕರು ಒಂದು ಸಾಲಿನಲ್ಲಿ ತೀರ್ಪು ಕೊಟ್ಟಿದ್ದಾರೆ. ಈ ಮಾತನ್ನು ನಾನು ಅಲ್ಲಿನ ಬೇರೆ ವಿದೇಶಿ ಅಧ್ಯಾಪಕರ ಬಾಯಲ್ಲೂ ಕೇಳಿದ್ದೇನೆ ಮತ್ತು ಮೊದಲ ಆರು ತಿಂಗಳು ನಾನೂ ಹೇಳಿದ್ದೇನೆ. ಕಾರಣ ಬೇರೆ. ಅಲ್ಲಿನ ಮಕ್ಕಳು 2001ರಿಂದೀಚೆಗೆ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಓದುತ್ತಾರೆ, ಆದರೆ ಅವರ ಹತ್ತು ವರ್ಷದ ಓದೆಲ್ಲ ಸಾಗುವುದು ಜೂನ್ 7ರಂದು ಆರಂಭವಾಗುವ, ವಿಶ್ವವಿದ್ಯಾಲಯ ಪ್ರವೇಶದ ‘ಗಾವ್‌ಕಾವ್’ ಪರೀಕ್ಷೆಯ ಕಡೆಗೆ. ಒಟ್ಟು 750 ಅಂಕಗಳಲ್ಲಿ ಇಂಗ್ಲಿಷಿಗೆ 150. ಕೇಳಿ ಉತ್ತರಿಸುವ ಭಾಗವಿದೆ, ಓದಿ ಉತ್ತರಿಸುವ ಭಾಗವಿದೆ, ಪ್ರಬಂಧವಿದೆ. ಬಹುತೇಕ ಪ್ರಾಂತ್ಯಗಳಲ್ಲಿ ಬಾಯಿ ಬಿಟ್ಟು ಮಾತಾಡಿದ್ದಕ್ಕೆ ಸಿಕ್ಕ ಅಂಕ ಆ ಒಟ್ಟು ಮೊತ್ತಕ್ಕೆ ಸೇರುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ 1987ರಿಂದ ನಡೆದುಬಂದಿರುವ ಕಾಲೇಜು ಇಂಗ್ಲಿಷ್ ಪರೀಕ್ಷೆಯ ನಾಲ್ಕನೆಯ ಹಂತ ಎದುರಾಗುತ್ತದೆ. 710ಕ್ಕೆ 425 ಬಂದರೆ ಪಾರಾದಂತೆ, ಮತ್ತು ಅಲ್ಲಿಯೂ ಮಾತಿನ ಪರೀಕ್ಷೆ ಬೇಕಾದವರು ಪ್ರತ್ಯೇಕವಾಗಿ ಹೆಸರು ಬರೆಸಿಕೊಳ್ಳುವಂಥದ್ದು. ಹೀಗೆ ಸಾವಿರಾರು ಶಬ್ದಗಳನ್ನು ಬಾಯಿಪಾಠ ಮಾಡಿದ, ಕರ್ಮಣಿ ಪ್ರಯೋಗದ ನಿಯಮಗಳನ್ನು ನನಗಿಂತ ಸ್ಪಷ್ಟವಾಗಿ ವಿವರಿಸಬಲ್ಲ ಹತ್ತೊಂಬತ್ತು ವರ್ಷದ ಹುಡುಗನಿಗೆ, ಮನುಷ್ಯನೊಬ್ಬನ ಎದುರು ಆ ಭಾಷೆಯಲ್ಲಿ ತಪ್ಪು ಮಾಡುವ ಅವಕಾಶ ಒಮ್ಮೆಯೂ ಸಿಕ್ಕಿರುವುದಿಲ್ಲ. ನಲವತ್ತನಾಲ್ಕು ಸಹಪಾಠಿಗಳ ಎದುರು ಆ ಮೊದಲ ತಪ್ಪನ್ನು ಮಾಡು ಎಂದು ನಾವು ಕೇಳುತ್ತೇವೆ. ಶಬ್ದಸಂಗ್ರಹದ ಪುಸ್ತಕಗಳ ಬಗ್ಗೆ ಅವರದೇ ಒಂದು ನಗೆಮಾತಿದೆ: ಅಕಾರಾದಿಯಾಗಿ ಮೊದಲು ಸಿಗುವ ಪದ ‘ಅಬ್ಯಾಂಡನ್’, ಅಂದರೆ ಕೈಬಿಡು, ಎಷ್ಟೋ ಜನರ ಓದು ಆ ಪದವನ್ನು ಕಲಿತಲ್ಲಿಗೇ ಪುಸ್ತಕವನ್ನು ಕೈಬಿಟ್ಟು ಮುಗಿಯುತ್ತದಂತೆ. ಇಂಥ ಹಾಸ್ಯ ಮಾಡುವವರಿಗೆ ಕುತೂಹಲವಿಲ್ಲವೆಂದು ನಾನು ನಂಬಲಾರೆ.

ನನ್ನ ಅಭಿಪ್ರಾಯ ಬದಲಾದದ್ದು ಒಂದು ಮುಂಜಾನೆ. ವಿಶ್ವವಿದ್ಯಾಲಯದ ಕೆರೆಯ ದಂಡೆಯಲ್ಲಿ ಏಳು ಗಂಟೆಗೆ ನಡೆಯುತ್ತಾ ಹೋದವನಿಗೆ ಮರಗಳ ಹಿಂದಿನಿಂದ ಗಟ್ಟಿ ದನಿಗಳು ಕೇಳಿಸಿದವು. ಹತ್ತಾರು ವಿದ್ಯಾರ್ಥಿಗಳು ಹತ್ತಾರು ಹೆಜ್ಜೆ ಅಂತರದಲ್ಲಿ ನಿಂತು, ಒಬ್ಬೊಬ್ಬರೂ ಒಂದೊಂದು ಮರಕ್ಕೆ ಮುಖ ಮಾಡಿ, ಇಂಗ್ಲಿಷ್ ಪಾಠಗಳನ್ನು ಕೂಗಿ ಓದುತ್ತಿದ್ದರು. ಬೆಳಗಿನ ಈ ಓದು ಅಲ್ಲಿ ಸಾಮಾನ್ಯ ನೋಟ. ಅವರ ನಡುವೆ, ನನ್ನ ತರಗತಿಯಲ್ಲಿ ಎರಡು ತಿಂಗಳಿಂದ ತುಟಿ ಎರಡು ಮಾಡದಿದ್ದ ಒಬ್ಬ ಹುಡುಗ ದೊಡ್ಡ ಗಂಟಲಿನಲ್ಲಿ, ಏರಿಳಿತ ಸಮೇತ, ಒಂದು ಭಾಷಣವನ್ನೇ ಒಪ್ಪಿಸುತ್ತಿದ್ದ. ನನ್ನನ್ನು ಕಂಡ ಕೂಡಲೇ ದನಿ ನಿಂತಿತು. ಮರದ ಮುಂದೆ ಇಲ್ಲದ ನಾಚಿಕೆ ನನ್ನ ಮುಂದೆ ಇದ್ದರೆ, ಬದಲಾಗಬೇಕಾದದ್ದು ನನ್ನ ತರಗತಿಯ ಏರ್ಪಾಡು ಎಂದು ಅಂದು ತಿಳಿಯಿತು.

ಆಮೇಲೆ ಇಡೀ ತರಗತಿಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ನಾಲ್ವರ ಗುಂಪು ಮಾಡಿ, ಮೊದಲು ಎರಡು ನಿಮಿಷ ಬರೆದುಕೊಳ್ಳಲು ಬಿಟ್ಟು, ಅನಂತರ ಪಕ್ಕದವರಿಗೆ ಮಾತ್ರ ಹೇಳುವಂತೆ ಮಾಡಿದೆ. ಪಠ್ಯಪುಸ್ತಕದಲ್ಲಿ ‘ನನ್ನ ಮೆಚ್ಚಿನ ಹವ್ಯಾಸ’, ‘ಪರಿಸರ ಸಂರಕ್ಷಣೆ’ ಮುಂತಾದ ವಿಷಯಗಳಿದ್ದವು. ಅವುಗಳ ಬಗ್ಗೆ ಕನ್ನಡದಲ್ಲಿ ಮಾತಾಡು ಎಂದರೂ ನನಗೆ ಮಾತು ಬರುವುದಿಲ್ಲ. ಅವುಗಳ ಬದಲು ಕೋಣೆಯಲ್ಲಿರುವ ಆರು ಜನರ ಬಗ್ಗೆ ಮಾತಾಡಿ ಎಂದೆ. ಅಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ವಸತಿಗೃಹದಲ್ಲೇ ಇರುತ್ತಾರೆ, ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಕೋಣೆಗೆ ಆರು ಮಂದಿ, ರಾತ್ರಿ ಹನ್ನೊಂದಕ್ಕೆ ದೀಪ ಆರುತ್ತದೆ. ಗೊರಕೆ ಹೊಡೆಯುವವನು, ದೀಪ ಆರಿದ ಮೇಲೂ ಫೋನಿನಲ್ಲಿ ಆಟ ಆಡುವವನು, ಇನ್ನೊಬ್ಬರ ಬಿಸಿನೀರಿನ ಫ್ಲಾಸ್ಕಿಗೆ ಕೈ ಹಾಕುವವಳು, ಮೂರು ದಿನದ ಬಟ್ಟೆಯನ್ನು ಬೋಗುಣಿಯಲ್ಲೇ ನೆನೆಹಾಕಿ ಮರೆಯುವವಳು, ಇವರೆಲ್ಲರ ಮೇಲೂ ದೂರುಗಳಿದ್ದವು. ದೂರಿಗೆ ಗುರಿಯಾದವರು ಪಕ್ಕದ ಬೆಂಚಿನಲ್ಲೇ ಕುಳಿತಿದ್ದರು. ಇಪ್ಪತ್ತು ನಿಮಿಷದೊಳಗೆ ಪಕ್ಕದ ಕೋಣೆಯ ಅಧ್ಯಾಪಕರು ಬಾಗಿಲ ಬಳಿ ಬಂದು ಏನಾಯಿತೆಂದು ನೋಡಿಹೋದರು. ವ್ಯಾಕರಣವೆಲ್ಲ ಚೆಲ್ಲಾಪಿಲ್ಲಿಯಾಗಿತ್ತು, ನಡುನಡುವೆ ಚೀನೀ ಮಾತೂ ನುಗ್ಗುತ್ತಿತ್ತು, ಆದರೆ ಅಲ್ಲಿ ನಡೆಯುತ್ತಿದ್ದುದು ನಿಸ್ಸಂದೇಹವಾಗಿ ಇಂಗ್ಲಿಷ್ ಜಗಳ. ಆ ಒಂದು ತರಗತಿಗೆ ನಾನು ಮಾಡಿಕೊಂಡ ಸಿದ್ಧತೆ, ಹಾಳೆಗಳು, ಪದಪಟ್ಟಿ, ಗುಂಪುಗಳ ವಿಂಗಡಣೆ ಎಲ್ಲ ಸೇರಿ, ಒಂದು ಭಾನುವಾರ ಪೂರ್ತಿ ತೆಗೆದುಕೊಂಡಿತ್ತು.

ಉಚ್ಚಾರಣೆಯ ವಿಷಯದಲ್ಲಿ ಕನ್ನಡ ಬಲ್ಲವನಿಗೆ ಅಲ್ಲೊಂದು ವಿಶೇಷ ಅನುಕೂಲವಿದೆ ಎಂಬುದನ್ನು ಸಂತೋಷದಿಂದ ಹೇಳಬಯಸುತ್ತೇನೆ. ಹುನಾನ್‌ನ ಅನೇಕರ ಮಾತಿನಲ್ಲಿ ನಕಾರ, ಲಕಾರಗಳು ಅದಲುಬದಲಾಗುತ್ತವೆ, ಹಕಾರದ ಜಾಗದಲ್ಲಿ ತುಟಿ ತಾಗುವ ಇನ್ನೊಂದು ಸದ್ದು ಬರುತ್ತದೆ; ತಮ್ಮ ಪ್ರಾಂತ್ಯದ ಹೆಸರನ್ನೇ ‘ಫುಲಾನ್’ ಎನ್ನುವರೆಂದು ಇಡೀ ಚೀನಾ ಅವರನ್ನು ಪ್ರೀತಿಯಿಂದ ಹಾಸ್ಯ ಮಾಡುತ್ತದೆ. ಆದ್ದರಿಂದ ನನ್ನ ಪಾಠವನ್ನು ಮೆಚ್ಚಿ ‘ನೈಸ್’ ಎನ್ನಹೊರಟವರು ‘ಲೈಸ್’, ಅಂದರೆ ಹೇನುಗಳು, ಎನ್ನುತ್ತಿದ್ದರು. ನಮ್ಮಲ್ಲಿ ಹಕಾರವನ್ನು ನುಂಗುವವರನ್ನೂ ಳಕಾರ ತಪ್ಪುವವರನ್ನೂ ಕೇಳಿ ಬೆಳೆದವನಿಗೆ ಇದು ದಡ್ಡತನವಲ್ಲ, ನಾಲಗೆಯ ರೂಢಿ ಎಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಹಾಗೆಯೇ, ರೋಮನ್ ಲಿಪಿಯಲ್ಲಿ ‘ಬಿ’ ಅಕ್ಷರದಿಂದ ಬರೆಯುವ ಚೀನೀ ಸದ್ದು ನಮ್ಮ ಬಕಾರವಲ್ಲ, ಪಕಾರ. ‘ಪಿ’ ಅಕ್ಷರದಿಂದ ಬರೆಯುವುದು ಅದರ ಮಹಾಪ್ರಾಣ. ನಾವು ಬೀಜಿಂಗ್ ಎನ್ನುವ ಊರನ್ನು ಅವರು ಪಕಾರದಿಂದಲೇ ಉಚ್ಚರಿಸುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ಶಾಲೆಯಲ್ಲಿ ಗಿಣಿಪಾಠ ಮಾಡಿದ್ದು ಅಷ್ಟು ದೂರದಲ್ಲಿ ಉಪಯೋಗಕ್ಕೆ ಬಂದೀತೆಂದು ಎಣಿಸಿರಲಿಲ್ಲ. ಅಮೆರಿಕದ ಸಹೋದ್ಯೋಗಿಗೆ ಕೇಳಿಸದ ವ್ಯತ್ಯಾಸ ನನಗೆ ಕೇಳಿಸುತ್ತಿತ್ತು. ಆದರೂ ವರ್ಷಕ್ಕೊಬ್ಬ ವಿದ್ಯಾರ್ಥಿಯಾದರೂ ನನ್ನ ಉಚ್ಚಾರಣೆ ಅಮೆರಿಕದ್ದಲ್ಲ ಎಂದು ವಿನಯದಿಂದ ತಿಳಿಸುತ್ತಿದ್ದ. ನಿನ್ನದೂ ಅಲ್ಲ, ನಾವಿಬ್ಬರೂ ಅರ್ಥ ಮಾಡಿಕೊಳ್ಳುತ್ತಿದ್ದೇವಲ್ಲ ಎಂದು ನಾನೂ ಅಷ್ಟೇ ವಿನಯದಿಂದ ಉತ್ತರಿಸುತ್ತಿದ್ದೆ.

ಪರೀಕ್ಷೆಯ ಕಾಲ ಬಂದಾಗ ಮುನ್ನೂರ ಅರವತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಂತೆ ಐದೈದು ನಿಮಿಷ ಮಾತಾಡಿಸಿದರೆ ಮೂವತ್ತು ಗಂಟೆ. ಅದೂ ವಾರದ ಹದಿನಾರು ಅವಧಿಗಳ ಲೆಕ್ಕಕ್ಕೆ ಸೇರಿದ್ದಲ್ಲ. ಯಾರನ್ನೂ ಅನುತ್ತೀರ್ಣ ಮಾಡಬಾರದೆಂದು ವಿಭಾಗದವರು ಎಂದೂ ಹೇಳಲಿಲ್ಲ. ಹಾಗೆ ಮಾಡಿದರೆ ಮುಂದಿನ ಅವಧಿಯ ಮೊದಲ ವಾರದಲ್ಲಿ ಮರುಪರೀಕ್ಷೆಯನ್ನು ನಾನೇ ನಡೆಸಬೇಕೆಂದು ಮಾತ್ರ ತಿಳಿಸಿದರು. ಇಬ್ಬರ ಮರುಪರೀಕ್ಷೆ ನಡೆಸಿದ ಮೇಲೆ ಆ ಸೂಚನೆಯ ಅರ್ಥ ನನಗೂ ಆಯಿತು. ವಿದ್ಯಾರ್ಥಿಗಳು ಇಟ್ಟುಕೊಳ್ಳುವ ಇಂಗ್ಲಿಷ್ ಹೆಸರುಗಳ ಬಗ್ಗೆ ವಿದೇಶಿ ಅಧ್ಯಾಪಕರು ನಗುವುದುಂಟು. ನನ್ನ ತರಗತಿಗಳಲ್ಲೂ ಆ್ಯಪಲ್, ರೈನ್, ಸೆವೆನ್ ಎಲ್ಲರೂ ಇದ್ದರು. ಮುನ್ನೂರ ಅರವತ್ತು ಚೀನೀ ಹೆಸರುಗಳನ್ನು ಸರಿಯಾದ ಸ್ವರದಲ್ಲಿ ಹೇಳಲಾರದ ನನ್ನ ಅನುಕೂಲಕ್ಕಾಗಿ ಅವರು ಇಟ್ಟುಕೊಂಡ ಹೆಸರುಗಳವು. ನಗುವ ಹಕ್ಕು ನನಗಿರಲಿಲ್ಲ.

ತರಗತಿಯ ಹೊರಗೆ ದಿನಚರಿಯನ್ನು ಆಳುವುದು ಪಂಚಾಂಗ ಮತ್ತು ಹವೆ. ಅಕ್ಟೋಬರ್ 1ರಿಂದ ರಾಷ್ಟ್ರೀಯ ದಿನದ ಏಳು ದಿನ ರಜೆ ಎಂದು ಲೇಖನ ಹೇಳುತ್ತದೆ. ಆ ಏಳರಲ್ಲಿ ಎರಡು ದಿನ ಸಾಲ ತಂದವು. ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರಗಳಂದು ದುಡಿದು ಅವನ್ನು ತೀರಿಸಬೇಕು. ‘ಈ ಭಾನುವಾರ ಬುಧವಾರದ ವೇಳಾಪಟ್ಟಿ’ ಎಂಬ ಸಂದೇಶ ಶುಕ್ರವಾರ ಸಂಜೆ ಫೋನಿಗೆ ಬರುತ್ತಿತ್ತು, ಅದೂ ಚೀನೀ ಭಾಷೆಯಲ್ಲಿ. ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಗಳೆಲ್ಲ ಹಸಿರು ಸಮವಸ್ತ್ರ ತೊಟ್ಟು ಮೈದಾನದಲ್ಲಿ ಸೈನಿಕ ಕವಾಯತು ಕಲಿಯುವುದರಿಂದ ಅವರ ಪಾಠಗಳು ತಡವಾಗಿ ಶುರುವಾಗುತ್ತವೆ ಎಂಬುದೂ ನನಗೆ ತಿಳಿದದ್ದು ಖಾಲಿ ತರಗತಿಯಲ್ಲಿ ಹತ್ತು ನಿಮಿಷ ಕುಳಿತ ಮೇಲೆ. ಇನ್ನು ಚಳಿಗಾಲ. ಛಿನ್‌ಲಿಂಗ್ ಪರ್ವತ ಮತ್ತು ಹುವಾಯ್ ನದಿಯ ಗೆರೆಯ ಉತ್ತರಕ್ಕೆ ಮಾತ್ರ ಕಟ್ಟಡಗಳಿಗೆ ಸರ್ಕಾರದ ಶಾಖ ವ್ಯವಸ್ಥೆ ಇರುವುದು 1950ರ ದಶಕದಿಂದ ಬಂದ ಪದ್ಧತಿ. ಚಾಂಗ್‌ಷಾ ಆ ಗೆರೆಯ ದಕ್ಷಿಣಕ್ಕಿದೆ. ಜನವರಿಯಲ್ಲಿ ಉಷ್ಣತೆ ಐದು ಡಿಗ್ರಿಯ ಆಸುಪಾಸಿಗೆ ಇಳಿದು, ಶಿಯಾಂಗ್ ನದಿಯ ತೇವ ಗೋಡೆಗಳೊಳಗೆ ಇಳಿದು, ತರಗತಿ ಹೊರಗಿಗಿಂತ ತಣ್ಣಗಿರುತ್ತದೆ. ವಿದ್ಯಾರ್ಥಿಗಳು ಹತ್ತಿ ತುಂಬಿದ ಕೋಟು ತೊಟ್ಟು, ಬಿಸಿನೀರಿನ ಲೋಟ ಹಿಡಿದು ಕೂರುತ್ತಾರೆ. ಕೈಗವಸು ಹಾಕಿಕೊಂಡು ಸೀಮೆಸುಣ್ಣ ಹಿಡಿಯುವುದನ್ನು ನಾನು ಅಲ್ಲಿಯೇ ಕಲಿತೆ. ಜ್ವರವಿರಲಿ, ನೆಗಡಿಯಿರಲಿ, ಮನಸ್ಸಿಗೆ ಬೇಸರವಿರಲಿ, ‘ಬಿಸಿನೀರು ಹೆಚ್ಚು ಕುಡಿಯಿರಿ’ ಎಂಬುದೊಂದೇ ಅವರು ನನಗೆ ಹೇಳುತ್ತಿದ್ದ ಔಷಧ, ಮತ್ತು ಅದರಲ್ಲಿದ್ದ ಕಾಳಜಿ ನಿಜವಾದದ್ದು.

ಮಾತಾಡಿಸುವುದಕ್ಕೆಂದೇ ಸಂಬಳ ಪಡೆಯುತ್ತಿದ್ದ ನಾನು ವಿಶ್ವವಿದ್ಯಾಲಯದ ಗೇಟು ದಾಟಿದೊಡನೆ ಮೂಗನಾಗುತ್ತಿದ್ದೆ. ತರಕಾರಿ ಸಂತೆಯಲ್ಲಿ ಟೊಮೆಟೊ ಕೊಳ್ಳಬೇಕೆಂದು ಒಂದು ವಾರ ಅಭ್ಯಾಸ ಮಾಡಿದ ವಾಕ್ಯವನ್ನು ಹೇಳಿದಾಗ ಅಂಗಡಿಯ ಹೆಂಗಸು ಬಿದ್ದು ಬಿದ್ದು ನಕ್ಕಳು. ‘ಮಾಯ್’ ಎಂಬ ಪದದ ಸ್ವರ ಇಳಿದು ಏರಿದರೆ ಕೊಳ್ಳುವುದು, ನೇರ ಕೆಳಕ್ಕೆ ಬಿದ್ದರೆ ಮಾರುವುದು. ನಾನು ಅವಳಿಗೇ ಟೊಮೆಟೊ ಮಾರಹೊರಟಿದ್ದೆ. ‘ಹಾಗಾದರೆ ನಿನ್ನದು ಜಿನ್‌ಗೆ ಎಷ್ಟು?’ ಎಂದು ಕೇಳಿದಳು. ಜಿನ್ ಎಂದರೆ ಅರ್ಧ ಕಿಲೋ. ಸಸ್ಯಾಹಾರಿಯ ಕಷ್ಟ ಬೇರೆಯದು: ಮಾಂಸ ಬೇಡವೆಂದು ಹೇಳಿದರೆ ಹುರಿದ ಹುರುಳಿಕಾಯಿಯ ಮೇಲೆ ಉದುರಿಸಿದ ಹಂದಿಮಾಂಸದ ಪುಡಿ ಅಲ್ಲಿನವರ ದೃಷ್ಟಿಯಲ್ಲಿ ಮಾಂಸವಲ್ಲ, ರುಚಿ. ‘ವೋ ಛ್ರ್ ಸು’, ನಾನು ಸಸ್ಯಾಹಾರಿ, ಎಂಬ ಮೂರಕ್ಷರವನ್ನು ಕಲಿತ ಮೇಲೂ ಅಡುಗೆಯವನ ಜತೆ ಮಾತುಕತೆ ಮುಂದುವರಿಯುತ್ತಲೇ ಇತ್ತು. ಬ್ಯಾಂಕಿನಲ್ಲಿ ನನ್ನ ಹೆಸರು ಪಾಸ್‌ಪೋರ್ಟಿನಲ್ಲಿದ್ದಷ್ಟು ಉದ್ದಕ್ಕೆ ಅವರ ಕಂಪ್ಯೂಟರಿನ ಪಟ್ಟಿಯಲ್ಲಿ ಜಾಗವಿಲ್ಲದೆ ಕೊನೆಯ ನಾಲ್ಕಕ್ಷರ ಕತ್ತರಿಸಿಹೋಯಿತು. ಬ್ಯಾಂಕಿನ ಹೆಸರೂ, ಸಂದೇಶಕ್ಕೂ ಹಣ ಪಾವತಿಗೂ ಅಲ್ಲಿ ಬಳಸುವ ವೀಚ್ಯಾಟ್ ಆ್ಯಪ್‌ನ ಹೆಸರೂ ತಾಳೆಯಾಗದೆ ಫೋನಿನಿಂದ ಹಣ ಕೊಡುವ ಸೌಲಭ್ಯ ನನಗೆ ಐದು ತಿಂಗಳು ಸಿಗಲಿಲ್ಲ. 2017ರ ಹೊತ್ತಿಗೆ ಸಂತೆಯ ಸೊಪ್ಪಿನವಳೂ ತಕ್ಕಡಿಯ ಪಕ್ಕದಲ್ಲಿ ಕ್ಯೂಆರ್ ಕೋಡ್ ತೂಗುಹಾಕಿದ್ದ ನಗರದಲ್ಲಿ ನೋಟು ಹಿಡಿದು ಚಿಲ್ಲರೆಗೆ ಕಾಯುತ್ತಿದ್ದವರಲ್ಲಿ ಹೆಚ್ಚಿನವರು ಮುದುಕರು, ಮತ್ತೆ ನಾನು. ತರಗತಿಯ ಮೌನವನ್ನು ನಾನು ಸಹನೆಯಿಂದ ನೋಡಲು ಕಲಿತದ್ದರಲ್ಲಿ ಆ ಸಂತೆಯ ಪಾಲು ದೊಡ್ಡದು.

ಗುರುವಾರ ಸಂಜೆಯ ‘ಇಂಗ್ಲಿಷ್ ಕಾರ್ನರ್’ ಬಗ್ಗೆ ಲೇಖನದಲ್ಲಿ ಉತ್ಸಾಹದ ವರ್ಣನೆಯಿದೆ. ದೀಪದ ಕಂಬದ ಕೆಳಗೆ ವಿದೇಶಿಯನ ಸುತ್ತ ಇಪ್ಪತ್ತು ಜನ ಸೇರಿ, ಯಾವ ದೇಶ, ಚಾಪ್‌ಸ್ಟಿಕ್ ಹಿಡಿಯಲು ಬರುತ್ತದೆಯೇ, ಸಂಬಳವೆಷ್ಟು, ಮದುವೆಯಾಗಿದೆಯೇ ಎಂಬ ಅವೇ ಪ್ರಶ್ನೆಗಳನ್ನು ಕೇಳುವುದು ಆರಂಭದಲ್ಲಿ ಹಿತವಾಗಿರುತ್ತದೆ. ಐವತ್ತನೆಯ ಗುರುವಾರ ಹಾಗಿರುವುದಿಲ್ಲ. 2017ರ ಮೇ ತಿಂಗಳಲ್ಲಿ ಆಮಿರ್ ಖಾನ್ ಅವರ ಕುಸ್ತಿಯ ಚಿತ್ರ ಚೀನಾದಲ್ಲಿ ತೆರೆಕಂಡು ಅಪಾರ ಜನಪ್ರಿಯವಾದ ಮೇಲೆ ನನಗೆ ಬರುತ್ತಿದ್ದ ಪ್ರಶ್ನೆಗಳು ಬದಲಾದವು, ಹೆಣ್ಣುಮಕ್ಕಳ ಓದು, ತಂದೆಯರ ಹಟ ಇವುಗಳ ಬಗ್ಗೆ ನಿಜವಾದ ಚರ್ಚೆಗಳು ನಡೆದವು. ಅದಕ್ಕಾಗಿ ಆ ಚಿತ್ರಕ್ಕೆ ನಾನು ಋಣಿ.

ಮನೆಯವರೊಂದಿಗಿನ ಸಂಪರ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಗೂಗಲ್, ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್‌ಆ್ಯಪ್ ಅಲ್ಲಿ ತೆರೆಯುವುದಿಲ್ಲ. ಅಮ್ಮನಿಗೆ ವೀಚ್ಯಾಟ್ ಕಲಿಸಿ, ಪ್ರತಿ ಭಾನುವಾರ ಮುಖ ನೋಡಿ ಮಾತಾಡುವುದು ರೂಢಿಯಾಗಿತ್ತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚ್ಯಾಟ್ ಕೂಡ ಇತ್ತು. ನನ್ನ ದೇಶದಲ್ಲಿ ನಡೆಯುವುದು ನಾನಿದ್ದ ದೇಶದಲ್ಲಿ ನಡೆಯದು, ಅಲ್ಲಿ ನಡೆಯುವುದು ಇಲ್ಲಿ ನಡೆಯದು. ತಂಗಿ ಬಂದು ಅಮ್ಮನ ಫೋನಿಗೆ ಸ್ಕೈಪ್ ಹಾಕಿಕೊಡುವವರೆಗೆ ಹತ್ತು ದಿನ ಬರೀ ದನಿ ಕೇಳಿದ್ದಾಯಿತು. ಕೊರೋನಾದ ಆ ವರ್ಷ ನೆರೆಯ ಹುಬೇ ಪ್ರಾಂತ್ಯದ ವುಹಾನ್ ಜನವರಿ 23ರಂದು ಮುಚ್ಚಿದ್ದು, ತರಗತಿಗಳು ಫೋನಿನ ಪರದೆಗೆ ಸರಿದದ್ದು, ಫೋನಿನಲ್ಲಿ ಹಸಿರು ಆರೋಗ್ಯ ಸಂಕೇತ ತೋರಿಸದೆ ಅಂಗಡಿಯೊಳಗೆ ಕಾಲಿಡಲಾಗದ್ದು ಎಲ್ಲರಿಗೂ ಗೊತ್ತಿರುವ ಕಥೆ. ಪರದೆಯ ಮೇಲೆ ನನ್ನ ವಿದ್ಯಾರ್ಥಿಗಳು ಹೆಚ್ಚು ಮಾತಾಡಿದರು ಎಂಬುದನ್ನಷ್ಟೇ ಸೇರಿಸುತ್ತೇನೆ. ಮುಖ ಕಾಣದಿದ್ದರೆ ಮುಖ ಕಳೆದುಕೊಳ್ಳುವ ಭಯವೂ ಇರುವುದಿಲ್ಲ.

ಕೊನೆಯದಾಗಿ, ಲೇಖನ ವರ್ಣಿಸುವ ಚೀನಾ ಈಗ ಇಲ್ಲ. ಮಕ್ಕಳಿಗೆ ಸಂಜೆ ಮತ್ತು ವಾರಾಂತ್ಯದಲ್ಲಿ ಇಂಗ್ಲಿಷ್ ಕಲಿಸುವ ತರಬೇತಿ ಕೇಂದ್ರಗಳಲ್ಲಿ ಕೈತುಂಬ ಸಂಬಳವಿದೆ, ಮನೆಯಲ್ಲೇ ಕುಳಿತು ಚೀನೀ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಬಹುದು ಎಂದು ಬರೆಯಲಾಗಿದೆ. ನಾನು ಹೊರಟುಬಂದ ಮರುತಿಂಗಳು, 2021ರ ಜುಲೈ 24ರಂದು, ‘ಶುವಾಂಗ್ ಜ್ಯೆನ್’, ಅಂದರೆ ಎರಡು ಹೊರೆಗಳ ಇಳಿಕೆ, ಎಂಬ ನೀತಿಯನ್ನು ಅಲ್ಲಿನ ಸರ್ಕಾರ ಪ್ರಕಟಿಸಿತು. ಕಡ್ಡಾಯ ಶಿಕ್ಷಣದ ವಯಸ್ಸಿನ ಮಕ್ಕಳಿಗೆ ಶಾಲೆಯ ವಿಷಯಗಳಲ್ಲಿ ಲಾಭಕ್ಕಾಗಿ ಪಾಠ ಹೇಳುವುದು, ವಾರಾಂತ್ಯ ಮತ್ತು ರಜೆಗಳಲ್ಲಿ ಅಂಥ ತರಗತಿ ನಡೆಸುವುದು ನಿಷಿದ್ಧವಾಯಿತು. ಹೊರದೇಶದಲ್ಲಿ ಕುಳಿತ ವಿದೇಶಿಯರಿಂದ ಪಾಠ ಹೇಳಿಸುವುದಕ್ಕೂ ತಡೆ ಬಿತ್ತು. 1993ರಲ್ಲಿ ಸ್ಥಾಪನೆಯಾಗಿ ಆ ಉದ್ಯಮದ ದೈತ್ಯನೆನಿಸಿದ್ದ ನ್ಯೂ ಓರಿಯೆಂಟಲ್ ಸಂಸ್ಥೆ 60,000 ಜನರನ್ನು ಕೆಲಸದಿಂದ ತೆಗೆದದ್ದನ್ನು ಅದರ ಸಂಸ್ಥಾಪಕ ಯೂ ಮಿನ್‌ಹೊಂಗ್ ಅವರೇ ಹೇಳಿಕೊಂಡರು. 2022ರ ಜೂನ್‌ನಲ್ಲಿ ಅದೇ ಸಂಸ್ಥೆಯ ಇಂಗ್ಲಿಷ್ ಅಧ್ಯಾಪಕ ಡೊಂಗ್ ಯೂಹ್ವೇ ನೇರಪ್ರಸಾರದಲ್ಲಿ ದಿನಸಿ ಮಾರುತ್ತಾ, ನಡುನಡುವೆ ಇಂಗ್ಲಿಷ್ ಪದಗಳನ್ನು ಕಲಿಸುತ್ತಾ ದೇಶಕ್ಕೆಲ್ಲ ಪರಿಚಿತರಾದರು. ನನ್ನನ್ನು ಕೆನಡಾದವನಾಗಲು ಕೇಳಿದ್ದ ಶಾಲೆಯೂ ಮುಚ್ಚಿತೆಂದು ಹಳೆಯ ವಿದ್ಯಾರ್ಥಿಯೊಬ್ಬ ತಿಳಿಸಿದ. ಅಲ್ಲಿನ ವಿದೇಶಿ ಅಧ್ಯಾಪಕರಿಗೆ ಎರಡು ತಿಂಗಳ ಸಂಬಳ ಬಾಕಿಯಿತ್ತಂತೆ. ವಿಶ್ವವಿದ್ಯಾಲಯಗಳ ಕೆಲಸ ಈಗಲೂ ಇದೆ, ಆದರೆ ಅದರ ಬಾಗಿಲು ಮೇಲೆ ಹೇಳಿದ ಕಾಗದಗಳಿದ್ದವರಿಗೆ ಮಾತ್ರ.

2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನ ಪ್ರಕಾರ, ಪರವಾನಗಿಯಿಲ್ಲದೆ ದುಡಿಯುವ ವಿದೇಶಿಯನಿಗೆ 5,000ದಿಂದ 20,000 ಯುವಾನ್‌ವರೆಗೆ ದಂಡವಿದೆ. ಪ್ರಕರಣ ಗಂಭೀರವೆನಿಸಿದರೆ 5ರಿಂದ 15 ದಿನ ಬಂಧನದಲ್ಲಿಡಬಹುದು, ದೇಶದಿಂದ ಹೊರಗೂ ಕಳುಹಿಸಬಹುದು. ಕರೆಸಿಕೊಂಡ ಸಂಸ್ಥೆಗೂ ದಂಡವಿದೆ, ಆದರೆ ವಿಮಾನ ಹತ್ತಿಸಿದ ಮಧ್ಯವರ್ತಿ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ. ತಮ್ಮ ಲೇಖನದ ಕೊನೆಯಲ್ಲಿ ‘ಆಸಕ್ತರು ಸಂಪರ್ಕಿಸಬಹುದು’ ಎಂದು ಒಂದು ದೂರವಾಣಿ ಸಂಖ್ಯೆ ಇತ್ತು. ಅದಕ್ಕೆ ನಾನೇ ಕರೆ ಮಾಡಿ ಯಾವ ವೀಸಾ ಕೊಡಿಸುತ್ತೀರೆಂದು ಕೇಳಿದೆ. ‘ಮೊದಲು ಎಂ ವೀಸಾದಲ್ಲಿ ಹೋಗಿಬಿಡಿ ಸರ್, ಉಳಿದದ್ದನ್ನು ಅಲ್ಲೇ ಸರಿಮಾಡಿಕೊಡುತ್ತಾರೆ, ನೀವು ಸುಮ್ಮನೆ ಮಾತಾಡಿದರೆ ಸಾಕು’ ಎಂಬ ಉತ್ತರ ಬಂತು. ಮುಂದಿನ ಸಲ ಆ ಸಂಖ್ಯೆಯನ್ನು ಅಚ್ಚು ಹಾಕುವ ಮುನ್ನ ತಮ್ಮ ಕಚೇರಿಯಿಂದಲೂ ಯಾರಾದರೂ ಒಮ್ಮೆ ಕರೆ ಮಾಡಿ ಇದೇ ಪ್ರಶ್ನೆಯನ್ನು ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಾಂಗ್‌ಷಾದಲ್ಲಿ ಅಧ್ಯಾಪಕನಾಗಿದ್ದ ಒಬ್ಬ ಓದುಗ